ಬಕೆಟ್ಟಿನ ಮೇಲಿನ ಅಭಿಮಾನಿ

ಟಿವಿಯಲ್ಲಿ ಆಟಗಾರರು ಇನ್ನೂ ಮೈ ಸಡಿಲಿಸಿಕೊಳ್ಳುತ್ತಿದ್ದರು. ಅಷ್ಟರಲ್ಲೇ ಅಮ್ಮ ಕಿರಿಮಗನ ಕೈಗೆ ಚಹಾದ ಲೋಟ ಕೊಟ್ಟು ಹಿತ್ತಿಲ ಬಾಗಿಲು ತೋರಿಸಿದಳು.

"ಹೊರಡಪ್ಪ, ಶುರುವಾಗೋ ಹೊತ್ತಾಯ್ತು."

"ಅಮ್ಮಾ, ಇದೊಂದು ಸಲ. ಸೋಫಾ ಹಿಂದೆ ಕೂತ್ಕೋತೀನಿ."

"ಕೂತ್ಕೋ ಕೂತ್ಕೋ," ಎಂದ ಅಣ್ಣ, ಟಿವಿಯಿಂದ ಕಣ್ಣು ಕೀಳದೆ. "ಇವತ್ತೂ ಸೋತ್ರೆ ಕಪ್ ಬಂದರು ತಂಡದೋರಿಗೆ. ನೀನಿಲ್ಲಿ ಕೂತಿರು, ನಾವೇ ಹೋಗಿ ಪಕ್ಕದ್ಮನೆಗೆ ಕೊಟ್ಟು ಬರ್ತೀವಿ."

ಊರಿನವರಿಗೆಲ್ಲ ಕನ್ನಡಕ ಮಾಡಿಕೊಡುವ ಈ ಕಿರಿಮಗನ ಕಣ್ಣಿಗೆ ಸ್ವಂತ ಮನೆಯಲ್ಲಿ ಇದ್ದ ಮರ್ಯಾದೆ ಇಷ್ಟು. ಬಹಳ ಹಿಂದೆ, ಗಿರಣಿ ತಂಡಕ್ಕೂ ಬಂದರು ತಂಡಕ್ಕೂ ನಡೆದ ಬ್ಯಾಸ್ಕೆಟ್‌ಬಾಲ್ ಫೈನಲ್ಲಿನ ಕೊನೆಯ ಗಳಿಗೆಯಲ್ಲಿ ಅವನು ಅಂಗಡಿ ಮುಚ್ಚಿ ಬಂದು ಮನೆಯ ಹಾಲ್‌ಗೆ ಕಾಲಿಟ್ಟಿದ್ದ. ಟಿವಿಯಲ್ಲಿ ರಿಂಗಿನ ಅಂಚಿನ ಮೇಲೆ ಸುತ್ತುತ್ತಿದ್ದ ಗಿರಣಿಯವರ ಚೆಂಡು, ಅವನು ನೋಡಿದ್ದೇ ತಡ, ಹೊರಕ್ಕೆ ಬಿತ್ತು. ಅಂದಿನಿಂದ ಬಂದರಿನವರ ಮೇಲೆ ಆಟವಿದ್ದಾಗಲೆಲ್ಲ ಅವನಿಗೆ ಹಿತ್ತಿಲೇ ಗತಿ. ಅಜ್ಜ ದುಡಿದ ಗಿರಣಿ ಮುಚ್ಚಿ ಎಷ್ಟೋ ಕಾಲವಾಯಿತು, ಬಂದರಿಗೆ ಹಡಗು ಬರುವುದೂ ನಿಂತಿತು. ಜಗಳ ಮಾತ್ರ ಈಗಲೂ ಮೂರು ಪಾಳಿಯಲ್ಲಿ ನಡೆಯುತ್ತಿದೆ.

ಹಿತ್ತಿಲಿಗೆ ಬಂದರೆ ಪಕ್ಕದ ಮನೆಯ ಪ್ಲಂಬರನ ತಲೆ ಗೋಡೆಯ ಮೇಲೆ ಆಗಲೇ ಹಾಜರಾಗಿತ್ತು. ಅವನು ಅಪ್ಪಟ ಬಂದರಿನವನು.

"ಏನ್ ಕನ್ನಡಕದೋರೇ, ಇವತ್ತೂ ಹೊರಗೆ ಹಾಕಿದ್ರಾ? ನಮ್ಮನೆಗೆ ಬನ್ನಿ, ದೊಡ್ಡ ಟಿವಿ ಇದೆ. ನಿಮಗೇ ಅಂತ ಮುಂದಿನ ಕುರ್ಚಿ ಇಟ್ಟಿದೀನಿ. ಮೆತ್ತೆ ಬೇರೆ ಹಾಕಿದೀನಿ."

ಈ ಉಪಚಾರ ಯಾಕೆಂದು ಕನ್ನಡಕದವನಿಗೆ ಚೆನ್ನಾಗಿ ಗೊತ್ತಿತ್ತು. ತನ್ನ ಕಣ್ಣು ಬಿದ್ದರೆ ಗಿರಣಿ ತಂಡ ಮಣ್ಣುಮುಕ್ಕುತ್ತದೆ ಎಂದು ಮನೆಯವರಿಗಿಂತ ಹೆಚ್ಚಾಗಿ ನಂಬಿದವನು ಈ ಪ್ಲಂಬರ್. ಆದರೂ ಇಡೀ ಬೀದಿಯಲ್ಲಿ ತನ್ನನ್ನು ಆಟ ನೋಡಲು ಕರೆಯುವವನು ಇವನೊಬ್ಬನೇ ಎನ್ನಿಸಿ ಅವನಿಗೆ ಅಳುವೇ ಬಂತು. "ಬೇಡ, ಇಲ್ಲೇ ಗಾಳಿ ಚೆನ್ನಾಗಿದೆ," ಎಂದು ಹೇಳಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಆರಿದ ಚಹಾ ಕುಡಿದ.

ಗೋಡೆಯಾಚೆ ತಟ್ಟೆ ಬಡಿದರೆ ಬಂದರಿಗೆ ಅಂಕ, ಒಳಗೆ ಅಣ್ಣ ಕೇಕೆ ಹಾಕಿದರೆ ಗಿರಣಿಗೆ. ಅವನು ಹೀಗೆಯೇ ಆಟ ನೋಡುವುದನ್ನು ರೂಢಿ ಮಾಡಿಕೊಂಡಿದ್ದ. ಆದರೆ ಕೊನೆಗೊಮ್ಮೆ ಎರಡೂ ಕಡೆ ಒಟ್ಟಿಗೆ ಸದ್ದಡಗಿತು. ಅದನ್ನು ಮಾತ್ರ ತಡೆದುಕೊಳ್ಳಲು ಅವನಿಂದಾಗಲಿಲ್ಲ. ಮನೆ ಕಟ್ಟಿದವನ ಬುದ್ಧಿಗೆ ಏನನ್ನಬೇಕೋ, ಬಚ್ಚಲಿನ ಗವಾಕ್ಷಿಯನ್ನು ಹಾಲ್‌ನ ಕಡೆಗೆ ಇಟ್ಟಿದ್ದ. ಅವನು ಬಚ್ಚಲಿಗೆ ನುಗ್ಗಿ, ಬಕೆಟ್ ಬೋರಲು ಹಾಕಿ, ಹತ್ತಿ ಇಣುಕಿದ.

ಅಮ್ಮನ ತುರುಬಿಗೂ ಅಣ್ಣನ ಬೋಳುತಲೆಗೂ ನಡುವೆ ಟಿವಿ ಕಾಣಿಸಿತು. ಅಂಕ ಸಮಸಮ, ಉಳಿದದ್ದು ಕೊನೆಯ ಒಂದೇ ಎಸೆತದ ಹೊತ್ತು. ಗಿರಣಿಯ ಲಂಬೂ ಆಟಗಾರನೊಬ್ಬ ಚೆಂಡು ಎಸೆದ. ಅದು ರಿಂಗಿನ ಅಂಚಿಗೆ ಬಡಿದು, ಅಂದಿನಂತೆಯೇ, ಬೀಳಲೋ ಬೇಡವೋ ಎಂದು ಸುತ್ತತೊಡಗಿತು. ಕಣ್ಣು ಮುಚ್ಚಿಕೊಳ್ಳೋಣವೇ ಎನ್ನಿಸಿತು. ಮುಚ್ಚಲಿಲ್ಲ. ಚೆಂಡು ಒಳಗೆ ಬಿತ್ತು.

"ಬಿತ್ತೂ!" ಎಂದು ಅವನು ನಿಂತಲ್ಲೇ ಕುಣಿದ. ಬಕೆಟ್ ಜಾರಿ ಚೊಂಬು, ಸೋಪು, ಅವನು ಎಲ್ಲ ಒಟ್ಟಿಗೆ ನೆಲಕ್ಕೆ ಬಂದರು. ಅಮ್ಮ, ಅಣ್ಣ ಎದ್ದೆನೋ ಬಿದ್ದೆನೋ ಎಂದು ಓಡಿಬಂದರು.

"ನಾನು ನೋಡ್ದೆ!" ಅವನು ಕೂತಲ್ಲಿಂದಲೇ ಕೂಗಿದ. "ಈ ಕಣ್ಣಿಂದಾನೇ ನೋಡ್ದೆ, ಆದ್ರೂ ಬಿತ್ತು! ಈಗ ಹೇಳಿ, ನನ್ ಕಣ್ಣಲ್ಲಿ ಏನ್ ದೋಷ ಇದೆ?"

ತಾಯಿ ಮಗ ಮುಖ ಮುಖ ನೋಡಿಕೊಂಡರು. ಇಷ್ಟು ವರ್ಷದ ಅನ್ಯಾಯ ನೆನೆದು ಇಬ್ಬರೂ ಈಗ ಕಣ್ಣೀರು ಹಾಕುತ್ತಾರೆಂದು ಅವನು ಕಾದ.

"ಎಲ್ಲಿಂದ ನೋಡ್ದೆ?" ಅಣ್ಣ ಕೇಳಿದ.

"ಆ ಗವಾಕ್ಷಿಯಿಂದ. ಬಕೆಟ್ ಮೇಲೆ ನಿಂತ್ಕೊಂಡು."

"ಚೊಂಬು ಕೈಲಿತ್ತಾ?"

"ಇತ್ತೋ ಏನೋ..."

"ಸರಿಯಾಗಿ ನೆನಪು ಮಾಡ್ಕೊಳೋ! ಭಾನುವಾರ ಕೊನೇ ಪಂದ್ಯ. ಕಪ್ ಯಾರಿಗೆ ಅಂತ ಅವತ್ತೇ ತೀರ್ಮಾನ."

"ಹಾಗಾದ್ರೆ ಭಾನುವಾರ ನಾನೂ ಹಾಲ್‌ನಲ್ಲಿ..."

"ಹಾಲ್‌ನಲ್ಲಾ? ನಿನಗೇನ್ ತಲೆ ಕೆಟ್ಟಿದ್ಯಾ? ಇಲ್ಲಿಂದ ನೋಡಿದ್ದಕ್ಕೆ ಗೆದ್ದಿದೀವಿ. ಇನ್ಮೇಲೆ ನೀನು ನೋಡ್ಲೇಬೇಕು, ಇಲ್ಲಿಂದಾನೇ ನೋಡ್ಬೇಕು." ಅಣ್ಣ ಇಟ್ಟಿಗೆಯ ಚೂರು ತಂದು, ಬಕೆಟ್ ಇದ್ದ ಜಾಗದ ಸುತ್ತ ಮಂಡಿಯೂರಿ ಗುಂಡಗೆ ಗೆರೆ ಎಳೆದ.

ಅಮ್ಮ ಕಿರಿಮಗನ ತಲೆ ನೇವರಿಸಿದಳು. "ಬೇಜಾರು ಮಾಡ್ಕೋಬೇಡ ಕಂದಾ. ಬಕೆಟ್ ಮೇಲೆ ಮೆತ್ತೆ ಹಾಕಿಕೊಡ್ತೀನಿ. ಭಾನುವಾರದವರೆಗೂ ಯಾರೂ ಇಲ್ಲಿ ಸ್ನಾನ ಮಾಡ್ಬೇಡಿ."

ಇಷ್ಟು ರಂಪ ಗೋಡೆಯಾಚೆ ಕೇಳಿಸದೆ ಇರುತ್ತದೆಯೇ? ಮರುದಿನ ಬೆಳಕು ಹರಿಯುವಾಗ ಹಿತ್ತಿಲ ಬಾಗಿಲು ಮೆಲ್ಲಗೆ ತಟ್ಟಿದ ಸದ್ದಾಯಿತು. ಕನ್ನಡಕದವನು ತೆರೆದು ನೋಡಿದರೆ ಪ್ಲಂಬರ್. ಕಂಕುಳಲ್ಲಿ ಇಟ್ಟಿಗೆ, ಕೈಯಲ್ಲಿ ಕಲಸಿದ ಸಿಮೆಂಟಿನ ಬಾಣಲೆ.

"ನಿಮ್ ಬಚ್ಚಲು ಹಳೇದಾಯ್ತು ಕನ್ನಡಕದೋರೇ. ಎಲ್ಲಾ ಹೊಸದಾಗಿ ಮಾಡ್ಕೊಡ್ತೀನಿ. ಕೂಲಿಗೀಲಿ ಏನೂ ಬೇಡ, ಅಕ್ಕಪಕ್ಕದವರಲ್ವಾ? ಮೊದ್ಲು ಆ ಗವಾಕ್ಷಿ ಮುಚ್ಚಿಬಿಡೋಣ, ಥಂಡಿಗಾಳಿ ಬರುತ್ತೆ."

ಎಂಥ ಖದೀಮ! ಬಾಗಿಲನ್ನು ಅವನ ಮುಖಕ್ಕೆ ಬಡಿಯಬೇಕೆಂದು ಕನ್ನಡಕದವನು ಕೈಯೆತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ತಾನು ಆಟ ನೋಡಲೇಬೇಕು ಎಂದು ಅಣ್ಣನೇ ಹೇಳಿಯಾಗಿದೆ. ಗವಾಕ್ಷಿಯೇ ಇಲ್ಲದಿದ್ದರೆ ನೋಡುವುದಕ್ಕೆ ಹಾಲ್ ಬಿಟ್ಟರೆ ಜಾಗವೆಲ್ಲಿದೆ? ಒಳಗೆ ಅಣ್ಣನ ಗೊರಕೆ ಹದವಾಗಿ ಕೇಳಿಬರುತ್ತಿತ್ತು.

ಅವನು ಸಿಮೆಂಟಿನ ಬಾಣಲೆಯನ್ನು ತಾನೇ ಇಸಿದುಕೊಂಡು ಪಿಸುಗುಟ್ಟಿದ:

"ಅವರಿಬ್ರೂ ಏಳೋದ್ರೊಳಗೆ ಮುಗಿಯುತ್ತಾ?"