ಬೀಟ್‌ರೂಟಿನ ಸುಳ್ಳು

ಈಗ ಎಲ್ಲರ ಮನೆಯ ಕಮೋಡೂ ಬೆಳಿಗ್ಗೆ ಮಲ ಪರೀಕ್ಷಿಸಿ ವರದಿ ಒಪ್ಪಿಸುತ್ತದೆ. ನಮ್ಮದು ವಾರದಿಂದ ಒಂದೇ ಮಾತು ಹೇಳುತ್ತಿದೆ: "ಯಜಮಾನರೇ, ಮಲದಲ್ಲಿ ರಕ್ತವಿದೆ. ಕರುಳಿನ ಕ್ಯಾನ್ಸರ್ ಇರಬಹುದು, ಡಾಕ್ಟರಿಗೆ ತೋರಿಸಿ."

"ಬೀಟ್‌ರೂಟ್ ಪಲ್ಯ ತಿಂದಿದ್ದೆ ಕಣೋ, ದಡ್ಡ ಮುಂಡೇದೇ!" ಎಂದು ಒಳಗಿನಿಂದಲೇ ಗದರುತ್ತಾರೆ ನನ್ನ ಗಂಡ ನರಹರಿ.

ಅಡುಗೆ ಮಾಡುವವಳು ನಾನು. ಒಂದು ವರ್ಷದಿಂದ ಈ ಮನೆಗೆ ಬೀಟ್‌ರೂಟೇ ಬಂದಿಲ್ಲ. ಕಳ್ಳರ ಬಾಯಿ ಬಿಡಿಸುತ್ತಿದ್ದ ಇನ್ಸ್‌ಪೆಕ್ಟರು ನಿವೃತ್ತರಾದ ಮೇಲೆ ಕಮೋಡಿಗೆ ಸುಳ್ಳು ಹೇಳುತ್ತಿದ್ದಾರೆ!

ಇವತ್ತು ಚೊಂಬು ಹಿಡಿದು ಹೊರಟರು. "ಇದರ ಕಾಟ ಸಾಕಾಯ್ತು. ಇನ್ಮೇಲೆ ಬಯಲಿಗೇ ಹೋಗ್ತೀನಿ."

ಚೊಂಬು ಕಿತ್ತುಕೊಂಡು ಚಪ್ಪಲಿಯನ್ನು ಅವರ ಮುಂದೆ ತಳ್ಳಿದೆ.

"ಆಸ್ಪತ್ರೆಗೆ ನಡೀರಿ. ಬಯಲಿಗೆ ಹೋದ್ರೆ ಬಯಲಾಗಲ್ಲ ಅಂದ್ಕೊಂಡ್ರಾ?"