ಅಸಲಿ ಹಸೆಹಾಡು

ಮದುಮಗಳಾಗಿ ಹಸೆಮಣೆಯ ಮೇಲೆ ಕೂರಬೇಕಾಗಿದ್ದ ಮೀನಾ ಹಣೆಗೆ ಕಟ್ಟಿದ್ದ ಬಾಸಿಂಗವನ್ನು ಕಿತ್ತು ಕುರ್ಚಿಯ ಮೇಲೆ ಎಸೆದು, ಕಲ್ಯಾಣ ಮಂಟಪದ ಹಿಂಬಾಗಿಲಿನಿಂದ ಪರಾರಿಯಾದಳು. ಹಿಂದೂಪುರದ ‘ವಿಶ್ವ ಜಾನಪದ ಸಂಜೆ’ಯಲ್ಲಿ ಉಳಿದಿದ್ದುದು ಅವಳು ಮದುಮಗಳ ವೇಷದಲ್ಲಿ ಕೂರಬೇಕಿದ್ದ ಹಸೆಹಾಡೊಂದೇ. ಕಾರ್ಯಕ್ರಮ ಏರ್ಪಡಿಸಿದ್ದ ಕಾಲೇಜಿನ ಮುರಳಿಕೃಷ್ಣ ಮೇಷ್ಟ್ರಿಗೆ ಕೈಕಾಲು ಆಡದಂತಾಯಿತು.

“ಆ ಹುಡುಗಿಗೆ ಏನು ಹೇಳಿದೆ ನೀನು?” ಎಂದು, ಹಾಡಲು ಕುಂದುರ್ಪಿಯಿಂದ ಕರೆಸಿದ್ದ ಪಾಪಕ್ಕನ ಮೇಲೆ ಅವರು ಹರಿಹಾಯ್ದರು.

ಪಾಪಕ್ಕ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದಳು. “ಇರೋದು ಹೇಳ್ದೆ ಕಣಪ್ಪ. ಹಸೆಹಾಡು ಅಂದ್ರೆ ಹೆಣ್ಣಿನ ಹೆಸ್ರು, ಗಂಡಿನ ಹೆಸ್ರು ಹಿಡಿದೇ ಹಾಡ್ಬೇಕು. ಒಂದು ಹೆಣ್ಣಿಗೆ ಒಂದೇ ಸಾರಿ. ಆಮೇಲೆ ಅವಳನ್ನ ಯಾರು ಮಾಡ್ಕೊಂಡ್ರೂ ಅದು ಎರಡನೇ ಮದುವೆ, ಕೂಡಿಕೆ. ಅದಕ್ಕೆ ಹಸೇನೂ ಇಲ್ಲ, ಹಾಡೂ ಇಲ್ಲ. ನಮ್ ಕುಂದುರ್ಪಿ, ಕಲ್ಯಾಣದುರ್ಗದ ಕಡೆ ಹಂಗೇ.”

“ಇದು ಸ್ಟೇಜು ಕಣಮ್ಮ.”

“ನಾನೇನು ಕೂರಬ್ಯಾಡ ಅಂದ್ನಾ? ಹಾಡೋದು ನನ್ ಕೆಲ್ಸ. ಯೋಚ್ನೆ ಮಾಡೋದು ಕೂರೋರ ಕೆಲ್ಸ.”

ಮೇಷ್ಟ್ರು ಪಾಪ ಎಂಬಂತೆ ನಕ್ಕರು. ಸೀರೆಯ ಪೆಟ್ಟಿಗೆ ಕಾಯುತ್ತಾ ಮೂಲೆಯಲ್ಲಿ ನಿಂತಿದ್ದ ಅವರ ಮಗಳು ತನುಜಾ ನಗಲಿಲ್ಲ. ಅವಳು ಪರದೆ ಸರಿಸಿ ಮುಂದಿನ ಸಾಲಿನತ್ತ ನೋಡಿದಳು. ಅಲ್ಲಿ ಕಲ್ಯಾಣದುರ್ಗದ ಲಕ್ಷ್ಮೀದೇವಮ್ಮ ತಮ್ಮ ಕಡೆಯವರನ್ನೆಲ್ಲ ಕಟ್ಟಿಕೊಂಡು ಕೂತಿದ್ದರು. ಮುಂದಿನ ತಿಂಗಳು ಅವರ ಮಗ ನರೇಶನಿಗೂ ತನುಜಾಳಿಗೂ ಮದುವೆ. ಹೆಣ್ಣು ನೋಡಲು ಬಂದಾಗ ಈ ಮಹಾತಾಯಿ ತನುಜಾಳಿಂದ ತೆಲುಗು ಪೇಪರು ಓದಿಸಿದ್ದರು, ನಡುಮನೆಯ ತುಂಬ ನಡೆಸಿದ್ದರು, ಕೊನೆಗೆ ಕೂದಲು ಅಸಲಿಯೋ ಚವರಿಯೋ ಎಂದು ಜಡೆ ಹಿಡಿದು ಎಳೆದೂ ನೋಡಿದ್ದರು. ಮೇಷ್ಟ್ರು ಹಲ್ಲು ಕಿರಿದು ಇನ್ನೊಂದು ಲೋಟ ಕಾಫಿ ತರಿಸಿದ್ದರು. ಈ ಮನೆ ಬೇಡ ಎಂದು ತನುಜಾ ಅಂದೇ ಹೇಳಿದಳು, ಮರುದಿನವೂ ಹೇಳಿದಳು, ಅತ್ತೂ ಹೇಳಿದಳು. ಜಾನಪದವೆಂದು ಊರೂರು ಅಲೆದು ಹೆಂಗಸರ ದನಿಯನ್ನು ಟೇಪಿನಲ್ಲಿ ಹಿಡಿದು ತರುವ ಆ ದೊಡ್ಡ ಮನುಷ್ಯರಿಗೆ ಮನೆಯೊಳಗಿನ ದನಿ ಕಿವಿಗೆ ಬೀಳಲೇ ಇಲ್ಲ. ವೀಳ್ಯ ಬದಲಾಯಿಸಿಕೊಂಡೇಬಿಟ್ಟರು.

“ನಾನು ಕೂತ್ಕೋತೀನಿ ಅಪ್ಪ” ಎಂದಳು ತನುಜಾ.

ಮೇಷ್ಟ್ರ ಮುಖ ಅರಳಿತು. “ಒಳ್ಳೇದೇ ಆಯ್ತು. ಬೀಗಿತ್ತಿನೂ ಕಣ್ತುಂಬ ನೋಡ್ಲಿ” ಎಂದು ತಾವೇ ಬಾಸಿಂಗ ಎತ್ತಿಕೊಟ್ಟರು.

ಮದುಮಗನ ಜಾಗದಲ್ಲಿ ಸ್ಕಾಟ್ಲೆಂಡಿನ ಕಾಲಿನ್ ಆಗಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಲೇಪಾಕ್ಷಿ ನೋಡಲು ಬಂದಿದ್ದ ಅವನ ವಿದೇಶಿ ಹಾಡುಗಾರರ ತಂಡವನ್ನು ಮೇಷ್ಟ್ರು ಕಾಡಿ ಬೇಡಿ ಹಿಡಿದು ತಂದಿದ್ದರು. ಕಾಲಿನ್ ಚೀಲವನ್ನು ಕಂಕುಳಲ್ಲಿ ಒತ್ತಿ ತನ್ನೂರಿನ ಬ್ಯಾಗ್‌ಪೈಪು ಊದಿದಾಗ ಹಿಂದಿನ ಸಾಲಿನವರು ಎಮ್ಮೆ ಒಳಗೆ ನುಗ್ಗಿತೇನೋ ಎಂದು ತಿರುಗಿ ನೋಡಿದ್ದರು. ಮಾಲಿ ದೇಶದವನು ಡೋಲು ಬಡಿದಾಗ ಮಾತ್ರ ಎಲ್ಲರ ಕಾಲೂ ಕುಣಿದಿತ್ತು. ಮೇಷ್ಟ್ರು ಎರಡಕ್ಕೂ ಒಂದೇ ಸಮ ಕಣ್ಣು ಮುಚ್ಚಿ ತಲೆದೂಗಿದ್ದರು. ಈಗ ಕಾಲಿನ್‌ನ ಕೆಂಪು ಕೂದಲಿನ ಮೇಲೆ ಜರಿಪೇಟ ಕೂರಿಸಿ, ದೇಶದೇಶಗಳ ಜಾನಪದ ಒಂದಾಗುವುದೆಂದರೆ ಇದೇ ಎಂದು ಮೈಕಿನಲ್ಲಿ ಸಾರಿದರು.

ತನುಜಾ ಮಣೆಯ ಮೇಲೆ ಕೂತಾಗ ಪಾಪಕ್ಕ ಬಾಗಿ ಕಿವಿಯಲ್ಲಿ ಕೇಳಿದಳು. “ಪೂರ್ತಿ ಹಾಡ್ಲೇನೇ ತಾಯಿ?”

“ಪೂರ್ತಿ ಹಾಡಜ್ಜಿ. ಹೆಸ್ರು ಗಟ್ಟಿಯಾಗಿ ಹೇಳು.”

ಪಾಪಕ್ಕ ಸೆರಗು ಸಿಕ್ಕಿಸಿ ದನಿ ಎತ್ತಿದಳು. “ಮಣೆಯೇರಿ ಕುಂತವಳೆ ಮುರಳಿರಾಯನ ಮಗಳು ತನುಜಾ, ಪಕ್ಕದಾಗೆ ಕುಂತವ್ನೆ ಕಾಲಿನ್ ರಾಯ...” ಎರಡನೆಯ ನುಡಿಗೆ ಹಿಂದಿನ ಸಾಲಿನ ಮುದುಕಿಯರು ತಾವಾಗಿಯೇ ಸೊಲ್ಲು ಕೂಡಿಸಿದರು. ನಾಲ್ಕನೆಯದಕ್ಕೆ ಒಬ್ಬೊಬ್ಬರಾಗಿ ಮೆಟ್ಟಿಲು ಹತ್ತಿ ಬಂದು ಗಂಡುಹೆಣ್ಣಿನ ತಲೆಗೆ ಅಕ್ಕಿ ಹಾಕತೊಡಗಿದರು. ಇದು ಬರೀ ಆಟ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆ ಹಾಡಿಗೆ ಅವರು ಕೈಕಟ್ಟಿ ಕೂರುತ್ತಿರಲಿಲ್ಲ. ಕಾಲಿನ್ ಭಕ್ತಿಯಿಂದ ಎಲ್ಲರಿಗೂ ಕೈಮುಗಿದ.

ಲಕ್ಷ್ಮೀದೇವಮ್ಮ ಎದ್ದು ನಿಂತರು. “ಪದಂಡಿ, ನಡೀರಿ ಎಲ್ರೂ” ಎಂದು ತಮ್ಮವರಿಗೆ ಹೇಳಿದರು.

ಮೇಷ್ಟ್ರು ಮೈಕು ಹಿಡಿದುಕೊಂಡೇ ಕೆಳಗೆ ಧುಮುಕಿದರು. “ಅಮ್ಮಾ, ಇದು ಸುಮ್ನೆ ತೋರಿಸೋಕೆ ಮಾಡಿದ್ದು.”

“ತೋರಿಸಿದ್ರಲ್ಲ, ನೋಡ್ದೆ. ಹೆಸ್ರು ಹಿಡಿದು ಹಾಡಿದ್ದನ್ನ ಊರೆಲ್ಲ ಕೇಳ್ತು. ನರೇಶನಿಗೆ ಕೂಡಿಕೆ ಹೆಣ್ಣು ತಂದ್ರು ಅಂತ ಕಲ್ಯಾಣದುರ್ಗದಾಗೆ ನಾಳೆ ಆಡ್ಕೊಂಡು ನಗೋದು ನನ್ನ. ಆ ಗ್ರಾಚಾರ ನಂಗೆ ಬ್ಯಾಡ ಕಣಪ್ಪ.”

ಎರಡು ಸಾಲು ಕುರ್ಚಿ ಖಾಲಿಯಾಯಿತು. ಮೇಷ್ಟ್ರು ಬಾಗಿಲವರೆಗೆ ಹಿಂದೆ ಓಡಿ, ಬರಿಗೈಲಿ ಬಂದು, ವೇದಿಕೆ ಹತ್ತಿ ಮಗಳ ಮುಂದೆ ನಿಂತರು. ಸಿಟ್ಟಿನಲ್ಲಿ ಮೈಕು ಆರಿಸುವುದೂ ಮರೆತಿತ್ತು. “ಗೊತ್ತಿದ್ದೂ ಕೂತ್ಯಾ? ಇನ್ನು ನಿನ್ನ ಮದುವೆ ಗತಿ ಏನು? ಹೇಳು, ನೀನೇ ಹೇಳು” ಎಂದ ಮಾತು ಮಂಟಪದ ಮೂಲೆಮೂಲೆಗೂ ಕೇಳಿಸಿತು.

ತನುಜಾ ಮಡಿಲಿನ ಅಕ್ಕಿ ಕೊಡವಿ, ಕೂತಲ್ಲಿಂದಲೇ ಅಪ್ಪನ ಕೈಯನ್ನು ಮೈಕಿನ ಸಮೇತ ತನ್ನ ಬಾಯಿಯ ಹತ್ತಿರಕ್ಕೆ ಎಳೆದುಕೊಂಡಳು.

“ಹೇಳ್ತೀನಿ ಇರಪ್ಪ. ನನ್ನ ಮದುವೆ ವಿಷ್ಯ ನೀನು ನನ್ನನ್ನ ಕೇಳ್ತಿರೋದು ಇದೇ ಮೊದ್ಲು.”