ಐದು ಕಾಲಿನ ಇಲಿಯ ತೂಕ

ಬೇರೆಯವರು ಉಲ್ಲೇಖಿಸಿದಷ್ಟೂ ಸಂಶೋಧನಾ ಪ್ರಬಂಧದ ತೂಕ ಏರುತ್ತಿದ್ದ ಕಾಲವದು. ಬಡ್ತಿ ಬೇಕಾದವರು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬಂದು ಪ್ರಬಂಧ ತೂಗಿಸಬೇಕಿತ್ತು. ಪ್ರಾಣಿಶಾಸ್ತ್ರದ ಹಾಲಪ್ಪ ಮೇಷ್ಟ್ರು ತಮ್ಮ ಆರು ಪುಟಗಳನ್ನು ತಳ್ಳುಗಾಡಿಯಲ್ಲಿ ತಂದರು.

"ಮೂವತ್ತೆಂಟು ಕಿಲೋ ಸರ್. ಪ್ರೊಫೆಸರ್ ಆಗೋಕೆ ಮೂವತ್ತು ಸಾಕು," ಎಂದರು ಗ್ರಂಥಪಾಲಕಿ ಸರ್ವಮಂಗಳಾ.

ಮೇಷ್ಟ್ರು ಸಂಕೋಚದಿಂದ ಜೇಬಿನಿಂದ ಚೀಟಿಯೊಂದನ್ನು ತೆಗೆದರು. "ಒಂದು ತಪ್ಪಾಗಿದೆ ಮೇಡಂ. ಬಾಲಾನೂ ಎಣಿಸಿ ಇಲಿಗೆ ಐದು ಕಾಲು ಅಂತ ಬರೆದುಬಿಟ್ಟಿದ್ದೆ. ಈ ತಿದ್ದುಪಡಿ ಅಂಟಿಸಿಬಿಡಿ."

"ತೂಕ ಬಂದಿದ್ದೇ ಅದ್ರಿಂದ ಸರ್. ಎಲ್ರೂ ಅದನ್ನೇ ಎತ್ತಿ ತೋರಿಸಿ ಬೈದಿದಾರೆ. ಬೈದಿದ್ದೂ ತೂಕಕ್ಕೆ ಸೇರುತ್ತೆ. ತಿದ್ದಿದ್ರೆ ಬರೀ ಆರು ಹಾಳೆ ತೂಕ ಉಳಿಯುತ್ತೆ."

ಮೇಷ್ಟ್ರು ಚೀಟಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟರು.

"ನನ್ನ ಬಡ್ತಿ ಆಗೋವರೆಗೂ ಇಲಿಗೆ ಐದೇ ಕಾಲಿರ್ಲಿ ಮೇಡಂ."